ಉತ್ತರ ಬಾರದಿದ್ದರೆ ಏನು ಮಾಡುತ್ತೀರಿ? ಕ್ಲೈಂಟ್ ಮತ್ತು ಸರ್ವೀಸ್ ನಡುವಿನ ಮೆಸೇಜಿಂಗ್ ಮಾದರಿ ಆರಿಸುವ ಬಗೆ

ಹೊಸ ವ್ಯವಸ್ಥೆ ಕಟ್ಟಲು ಕೂತ ತಂಡಗಳಲ್ಲಿ ಮೊದಲ ದಿನವೇ ಒಂದು ವಾದ ಶುರುವಾಗುತ್ತದೆ. ಸಂದೇಶ ಸಾಗಿಸಲು ಕಾಫ್ಕಾ ಹಾಕೋಣವೋ, ರಾಬಿಟ್‌ಎಂಕ್ಯೂ ಹಾಕೋಣವೋ? ಸರ್ವೀಸ್‌ಗಳು ಒಂದನ್ನೊಂದು ನೇರವಾಗಿ ಕರೆಯಲು ರೆಸ್ಟ್ ಸಾಕೋ, ಜಿಆರ್‌ಪಿಸಿ ಬೇಕೋ? ಆ ಹೊತ್ತಿಗೆ ಈ ವಾದ ಬೇಡ. ಟೂಲ್ ಆರಿಸುವುದು ಕೊನೆಯ ಕೆಲಸ. ಮೊದಲು ತೀರ್ಮಾನಿಸಬೇಕಾದದ್ದು, ಕಳಿಸಿದ ಸಂದೇಶಕ್ಕೆ ಉತ್ತರವೇ ಬರದಿದ್ದರೆ ಕಳಿಸಿದವರು ಏನು ಮಾಡುತ್ತಾರೆ ಅನ್ನುವುದನ್ನು.

ಒಂದೇ ಪ್ರೋಗ್ರಾಂ ಒಳಗೆ ಒಂದು ಫಂಕ್ಷನ್ ಕರೆದರೆ ಉತ್ತರ ಬರುತ್ತದೆ, ಇಲ್ಲವೇ ಎರರ್ ಬರುತ್ತದೆ. ಕರೆ ನೆಟ್‌ವರ್ಕ್ ದಾಟಿದ ಕೂಡಲೇ ಮೂರನೆಯದೊಂದು ಸೇರಿಕೊಳ್ಳುತ್ತದೆ: ಏನೂ ಬರುವುದಿಲ್ಲ. ರಿಕ್ವೆಸ್ಟ್ ದಾರಿಯಲ್ಲೇ ಕಳೆದುಹೋಗಿರಬಹುದು. ಸರ್ವರ್ ಅರ್ಧ ಕೆಲಸ ಮಾಡಿ ಬಿದ್ದಿರಬಹುದು. ಕೆಲಸವೆಲ್ಲ ಮುಗಿದು, ವಾಪಸ್ ಬರುವಾಗ ಉತ್ತರ ಮಾತ್ರ ಕಳೆದಿರಬಹುದು. ಕ್ಲೈಂಟ್, ಅಂದರೆ ಕರೆದ ಪ್ರೋಗ್ರಾಂ ಕಡೆಯಿಂದ ನೋಡಿದರೆ ಇವೆಲ್ಲ ಒಂದೇ ಥರ ಕಾಣುತ್ತವೆ. ಡಿಸ್ಟ್ರಿಬ್ಯೂಟೆಡ್ ವ್ಯವಸ್ಥೆ (ಹಲವು ಯಂತ್ರಗಳಲ್ಲಿ ಹಂಚಿಹೋದದ್ದು) ಕಟ್ಟುವವರು ಸುಮ್ನೆ ನಂಬಿಬಿಡುವ ತಪ್ಪು ಕಲ್ಪನೆಗಳ ಪಟ್ಟಿಯೊಂದನ್ನು ಸನ್ ಮೈಕ್ರೋಸಿಸ್ಟಮ್ಸ್‌ನ ಪೀಟರ್ ಡಾಯ್ಚ್ 1994ರಲ್ಲಿ ಮಾಡಿದ್ದರು. ನೆಟ್‌ವರ್ಕ್ ಕೈಕೊಡುವುದಿಲ್ಲ ಎಂಬ ನಂಬಿಕೆಯೇ ಅದರ ಮೊದಲ ಸಾಲು. ಮೆಸೇಜಿಂಗ್ ಮಾದರಿಗಳೆಲ್ಲ ಹುಟ್ಟಿದ್ದು ಈ ಮೂರನೆಯ ಸ್ಥಿತಿಯನ್ನು ನಿಭಾಯಿಸಲಿಕ್ಕೆ.

ಉದಾಹರಣೆಗೆ ಒಂದು ಟಿಕೆಟ್ ಬುಕಿಂಗ್ ವ್ಯವಸ್ಥೆ ಇಟ್ಟುಕೊಳ್ಳೋಣ. ಬಳಕೆದಾರರ ಕೈಯಲ್ಲಿ ಒಂದು ಆ್ಯಪ್. ಹಿಂದೆ ಸೀಟು, ಪಾವತಿ, ಟಿಕೆಟ್, ವರದಿ ಅಂತ ಬೇರೆ ಬೇರೆ ಸರ್ವೀಸ್‌ಗಳು.

ಹೆಜ್ಜೆ 1: ಮಾತುಕತೆಗಳ ಪಟ್ಟಿ ಮಾಡಿ

ಯಾರು ಯಾರ ಜೊತೆ ಮಾತಾಡುತ್ತಾರೆ ಅನ್ನುವುದನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ಸಾಲಿನ ಎದುರು ಇನ್ನು ಮೂರು ವಿಷಯ ಬರೆಯಿರಿ. ಉತ್ತರಕ್ಕಾಗಿ ಯಾರಾದರೂ ಕಾಯುತ್ತಿದ್ದಾರಾ? ಎಷ್ಟು ಹೊತ್ತು ಕಾಯಬಲ್ಲರು? ಉತ್ತರ ಬಾರದಿದ್ದರೆ ಏನು ಮಾಡುತ್ತಾರೆ?

ನಮ್ಮ ಉದಾಹರಣೆಯಲ್ಲಿ ಪಟ್ಟಿ ಹೀಗೆ ಬರುತ್ತದೆ. ಸೀಟು ಖಾಲಿ ಇದೆಯಾ ಎಂದು ಕೇಳುವುದು: ಬಳಕೆದಾರ ಕಾಯುತ್ತಿದ್ದಾರೆ, ಒಂದೆರಡು ಸೆಕೆಂಡ್ ಕಾಯಬಲ್ಲರು, ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೇಳಿದರಾಯಿತು. ಹಣ ಕಡಿಯುವುದು: ಆಗಲೂ ಕಾಯುತ್ತಾರೆ, ಆದರೆ ಇನ್ನೊಮ್ಮೆ ಕೇಳುವುದು ಅಪಾಯ. ಟಿಕೆಟ್ ಪಿಡಿಎಫ್ ಮಾಡಿ ಇಮೇಲ್ ಕಳಿಸುವುದು: ಯಾರೂ ಪರದೆ ನೋಡುತ್ತ ಕೂತಿಲ್ಲ, ಆದರೆ ತಪ್ಪದೆ ಆಗಬೇಕು. ಬುಕಿಂಗ್ ಆದ ಸುದ್ದಿಯನ್ನು ವರದಿ ಸರ್ವೀಸ್‌ಗೂ ರಿವಾರ್ಡ್ ಪಾಯಿಂಟ್ ಸರ್ವೀಸ್‌ಗೂ ಮುಟ್ಟಿಸುವುದು: ಕಳಿಸುವವರಿಗೆ ಉತ್ತರವೇ ಬೇಡ. ಇಡೀ ತಿಂಗಳ ವರದಿ ತಯಾರಿಸುವುದು: ಒಬ್ಬರು ಕಾಯುತ್ತಿದ್ದಾರೆ, ಆದರೆ ನಿಮಿಷಗಟ್ಟಲೆ ಹಿಡಿಯುತ್ತದೆ. ಸೀಟುಗಳ ನಕ್ಷೆ ಪರದೆಯ ಮೇಲೆ ತಾನಾಗಿ ಬದಲಾಗುತ್ತಿರುವುದು: ಉತ್ತರ ಒಂದಲ್ಲ, ಹರಿದು ಬರುತ್ತಲೇ ಇರಬೇಕು.

ಒಂದೇ ವ್ಯವಸ್ಥೆಯಲ್ಲಿ ಆರು ಬಗೆಯ ಮಾತುಕತೆ. "ನಮ್ಮಲ್ಲಿ ಎಲ್ಲವೂ ಇವೆಂಟ್ ಮೂಲಕವೇ" ಅಥವಾ "ನಮ್ಮಲ್ಲಿ ಎಲ್ಲವೂ ರೆಸ್ಟ್" ಎಂದು ಒಂದೇ ಉತ್ತರ ಕೊಡುವವರು ಈ ಪಟ್ಟಿ ಮಾಡಿರುವುದಿಲ್ಲ.

ಹೆಜ್ಜೆ 2: ಕಾಯುವವರಿದ್ದರೆ ರಿಕ್ವೆಸ್ಟ್–ರೆಸ್ಪಾನ್ಸ್, ಜೊತೆಗೆ ಟೈಮ್‌ಔಟ್

ಯಾರೋ ಕಾಯುತ್ತಿದ್ದಾರೆ, ಕೆಲಸ ಬೇಗ ಮುಗಿಯುತ್ತದೆ ಅಂದರೆ ಸಾದಾ ಎಚ್‌ಟಿಟಿಪಿ ಅಥವಾ ಜಿಆರ್‌ಪಿಸಿ ಕರೆ ಸಾಕು. ಇದನ್ನು ಹಳೆಯ ಮಾದರಿ ಅಂತ ಕಡೆಗಣಿಸುವವರಿದ್ದಾರೆ. ನನ್ನ ಮಟ್ಟಿಗೆ ಇದೇ ಮೊದಲ ಆಯ್ಕೆ. ಓದಲು ಸುಲಭ, ಡೀಬಗ್ ಮಾಡಲು ಸುಲಭ, ತಪ್ಪಾದರೆ ಕರೆದವರಿಗೆ ಅಲ್ಲೇ ತಿಳಿಯುತ್ತದೆ. ಇದನ್ನು ಬಿಟ್ಟು ಬೇರೆಯದಕ್ಕೆ ಹೋಗಲು ಗಟ್ಟಿ ಕಾರಣ ಬೇಕು.

ಆದರೆ ಟೈಮ್‌ಔಟ್, ಅಂದರೆ ಎಷ್ಟು ಹೊತ್ತು ಕಾದು ಕೈಬಿಡಬೇಕು ಅನ್ನುವ ಮಿತಿ, ಇಲ್ಲದೆ ಒಂದು ಕರೆಯನ್ನೂ ಬಿಡಬೇಡಿ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ಡೀಫಾಲ್ಟ್ ಟೈಮ್‌ಔಟ್ ಇಲ್ಲ. ಗೋ ಭಾಷೆಯ ಡೀಫಾಲ್ಟ್ ಎಚ್‌ಟಿಟಿಪಿ ಕ್ಲೈಂಟ್‌ಗೂ ಇಲ್ಲ. ಜಿಆರ್‌ಪಿಸಿಯಲ್ಲೂ ನೀವಾಗಿ ಡೆಡ್‌ಲೈನ್ ಹಾಕದಿದ್ದರೆ ಇಲ್ಲ. ಅಂದರೆ ಏನೂ ಬರೆಯದೆ ಬಿಟ್ಟರೆ ನಿಮ್ಮ ಪ್ರೋಗ್ರಾಂ ಎಷ್ಟು ಹೊತ್ತು ಬೇಕಾದರೂ ಕಾಯುತ್ತ ಕೂರಬಹುದು.

ಇದರಿಂದ ಆಗುವ ಹಾನಿಯನ್ನು ಲೆಕ್ಕ ಹಾಕಿಯೇ ನೋಡಿ. ಸೆಕೆಂಡಿಗೆ 200 ರಿಕ್ವೆಸ್ಟ್ ಬರುತ್ತಿವೆ, ಒಂದಕ್ಕೆ 50 ಮಿಲಿಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳಿ. ಯಾವುದೇ ಕ್ಷಣದಲ್ಲಿ ನಡೆಯುತ್ತಿರುವ ಕೆಲಸ ಸರಾಸರಿ 10. ಈಗ ಪಾವತಿ ಸರ್ವೀಸ್ ನಿಧಾನವಾಗಿ ಒಂದಕ್ಕೆ 5 ಸೆಕೆಂಡ್ ಹಿಡಿಯತೊಡಗಿತು. ಅದೇ 200 ರಿಕ್ವೆಸ್ಟ್‌ಗೆ ಈಗ 1,000 ಕೆಲಸ ಒಟ್ಟಿಗೆ ನಡೆಯಬೇಕು. ಜಾವಾ ವೆಬ್ ಸರ್ವರ್ ಆದ ಟಾಮ್‌ಕ್ಯಾಟ್‌ನಲ್ಲಿ ಒಟ್ಟಿಗೆ ಕೆಲಸ ಮಾಡುವ ಥ್ರೆಡ್‌ಗಳ ಡೀಫಾಲ್ಟ್ ಮಿತಿ 200. ಒಂದೇ ಸೆಕೆಂಡಿನಲ್ಲಿ ಅಷ್ಟೂ ಥ್ರೆಡ್ ಕಾಯುತ್ತ ನಿಂತಿರುತ್ತವೆ. ಪಾವತಿಗೂ ತಮಗೂ ಸಂಬಂಧವೇ ಇಲ್ಲದ ರಿಕ್ವೆಸ್ಟ್‌ಗಳೂ ಬಾಗಿಲಲ್ಲೇ ನಿಲ್ಲುತ್ತವೆ. ಸತ್ತ ಸರ್ವೀಸ್‌ಗಿಂತ ನಿಧಾನವಾದ ಸರ್ವೀಸ್ ಜಾಸ್ತಿ ಕಾಟ ಕೊಡುವುದು ಇದಕ್ಕೇ.

ಟೈಮ್‌ಔಟ್ ಎಷ್ಟಿರಬೇಕು? ಸರಾಸರಿ ನೋಡಿ ಇಡಬೇಡಿ. 100ಕ್ಕೆ 99 ರಿಕ್ವೆಸ್ಟ್‌ಗಳು ಎಷ್ಟರೊಳಗೆ ಮುಗಿಯುತ್ತವೆ ಎಂದು ಅಳೆದು, ಅದಕ್ಕಿಂತ ಸ್ವಲ್ಪ ಮೇಲೆ ಇಡಿ. ಹೊರಗಿನ ಟೈಮ್‌ಔಟ್ ಒಳಗಿನದಕ್ಕಿಂತ ದೊಡ್ಡದಿರಬೇಕು. ಆ್ಯಪ್ 3 ಸೆಕೆಂಡಿಗೆ ಕೈಬಿಟ್ಟು, ಒಳಗಿನ ಸರ್ವೀಸ್ 10 ಸೆಕೆಂಡ್ ದುಡಿದರೆ ಆ ದುಡಿಮೆ ಯಾರಿಗೂ ಬೇಡ. ಇನ್ನೂ ಒಳ್ಳೆಯ ದಾರಿ ಅಂದರೆ ಡೆಡ್‌ಲೈನನ್ನೇ ಮುಂದಕ್ಕೆ ದಾಟಿಸುವುದು: ಇಷ್ಟೊತ್ತಿನೊಳಗೆ ಮುಗಿಯದಿದ್ದರೆ ಬಿಟ್ಟುಬಿಡು ಅಂತ ಪ್ರತಿ ಕರೆಯ ಜೊತೆ ಹೇಳುವುದು. ಜಿಆರ್‌ಪಿಸಿಯಲ್ಲಿ ಇದಕ್ಕೆ ಅನುಕೂಲ ಇದೆ. ಎಚ್‌ಟಿಟಿಪಿಯಲ್ಲಿ ನೀವೇ ಒಂದು ಹೆಡರ್ ಮಾಡಿಕೊಳ್ಳಬೇಕು. ನಡುವೆ ನಿಂತು ರಿಕ್ವೆಸ್ಟ್ ದಾಟಿಸುವ ಪ್ರಾಕ್ಸಿಯನ್ನೂ ಮರೆಯಬೇಡಿ. ಅಂಥದೊಂದಾದ ಎನ್‌ಜಿನ್‌ಎಕ್ಸ್, ತನ್ನ ಹಿಂದಿರುವ ಸರ್ವರ್‌ನಿಂದ 60 ಸೆಕೆಂಡ್ ಏನೂ ಬರದಿದ್ದರೆ ಡೀಫಾಲ್ಟ್ ಆಗಿ ಕೈಬಿಡುತ್ತದೆ.

ಕರೆಗಳ ಸರಪಳಿ ಉದ್ದವಾಗದಂತೆಯೂ ನೋಡಿಕೊಳ್ಳಿ. ಐದು ಸರ್ವೀಸ್‌ಗಳು ಒಂದರ ಹಿಂದೊಂದು, ಪ್ರತಿಯೊಂದೂ ಶೇ 99.9 ಹೊತ್ತು ಎದ್ದಿರುತ್ತದೆ ಅಂದರೆ ಒಟ್ಟು ಶೇ 99.5ಕ್ಕೆ ಇಳಿಯುತ್ತದೆ. ತಿಂಗಳಿಗೆ 43 ನಿಮಿಷದ ತೊಂದರೆ ಮೂರೂವರೆ ಗಂಟೆ ದಾಟುತ್ತದೆ.

ಹೆಜ್ಜೆ 3: ರೀಟ್ರೈಗೆ (ಮತ್ತೆ ಕಳಿಸುವುದಕ್ಕೆ) ಮುಂಚೆ ಎರಡು ಸಲ ಬಂದರೂ ಕೆಡದಂತೆ ಮಾಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಓದಲು ಸಮಯವಿದ್ದರೆ ಇದನ್ನೇ ಓದಿ.

ಟೈಮ್‌ಔಟ್ ಆಯಿತು. ಹಣ ಕಡಿದಿದೆಯೋ ಇಲ್ಲವೋ ಗೊತ್ತಿಲ್ಲ. ಮತ್ತೆ ಕಳಿಸಿದರೆ ಎರಡು ಸಲ ಕಡಿಯಬಹುದು. ಕಳಿಸದಿದ್ದರೆ ಟಿಕೆಟ್ಟೇ ಆಗಿರಲಿಕ್ಕಿಲ್ಲ. ಇದರಿಂದ ಹೊರಬರಲು ದಾರಿ ಒಂದೇ. ಅದೇ ರಿಕ್ವೆಸ್ಟ್ ಎಷ್ಟು ಸಲ ಬಂದರೂ ಒಂದು ಸಲ ಬಂದಾಗ ಆಗುವುದಷ್ಟೇ ಆಗಬೇಕು. ಇಂಥ ಕೆಲಸವನ್ನು ಐಡೆಂಪೊಟೆಂಟ್ ಅನ್ನುತ್ತಾರೆ. ಎಚ್‌ಟಿಟಿಪಿ ನಿಯಮದ ಪ್ರಕಾರ ಗೆಟ್, ಪುಟ್, ಡಿಲೀಟ್ ಬಗೆಯ ರಿಕ್ವೆಸ್ಟ್‌ಗಳು ಹೀಗಿರಬೇಕು. ಪೋಸ್ಟ್‌ಗೆ ಆ ಭರವಸೆ ಇಲ್ಲ. ಹಣ ಕಡಿಯುವ ಕೆಲಸ ಸಾಮಾನ್ಯವಾಗಿ ಬರುವುದು ಪೋಸ್ಟ್‌ನಲ್ಲೇ.

ಮಾಡುವುದು ಹೀಗೆ. ಬಳಕೆದಾರ ಪಾವತಿ ಬಟನ್ ಒತ್ತಿದಾಗ ಆ್ಯಪ್ ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದ ಗುರುತು) ಹುಟ್ಟಿಸಿ, ಅದನ್ನು ರಿಕ್ವೆಸ್ಟ್ ಜೊತೆ ಐಡೆಂಪೊಟೆನ್ಸಿ ಕೀ ಆಗಿ ಕಳಿಸುತ್ತದೆ. ಸರ್ವರ್ ಆ ಕೀಯನ್ನು ಯುನಿಕ್ ಇಂಡೆಕ್ಸ್ ಇರುವ (ಒಂದೇ ಕೀ ಎರಡು ಸಲ ಸೇರದ) ಒಂದು ಟೇಬಲ್‌ಗೆ ಬರೆಯುತ್ತದೆ. ಬುಕಿಂಗ್ ಸಾಲು, ಕೀ ಸಾಲು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹೋಗಬೇಕು: ಬರೆದರೆ ಎರಡೂ, ಇಲ್ಲದಿದ್ದರೆ ಯಾವುದೂ ಇಲ್ಲ. ಕೊಟ್ಟ ಉತ್ತರವನ್ನೂ ಅಲ್ಲೇ ಉಳಿಸಿ. ಅದೇ ಕೀ ಮತ್ತೆ ಬಂದರೆ ಕೆಲಸ ಮಾಡದೆ ಉಳಿಸಿಟ್ಟ ಉತ್ತರವನ್ನೇ ಕೊಡಿ.

ಕೇಳಲು ಸುಲಭ, ಆದರೆ ಎಡವುವ ಜಾಗಗಳು ಇವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು, ಕೀಯನ್ನು ರೀಟ್ರೈ ಲೂಪಿನ ಒಳಗೆ ಹುಟ್ಟಿಸುವುದು. ಆಗ ಪ್ರತಿ ಪ್ರಯತ್ನಕ್ಕೂ ಹೊಸ ಕೀ, ಸರ್ವರ್ ಕಣ್ಣಿಗೆ ಪ್ರತಿಯೊಂದೂ ಹೊಸ ಬುಕಿಂಗ್. ಕೀ ಹುಟ್ಟಬೇಕಾದ್ದು ಲೂಪಿನ ಹೊರಗೆ. ಆ್ಯಪ್ ಮುಚ್ಚಿ ತೆರೆದರೂ ಅದು ಉಳಿಯುವಂತೆ ಫೋನಿನಲ್ಲೇ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಇನ್ನೊಂದು: ಮೊದಲ ರಿಕ್ವೆಸ್ಟ್ ಇನ್ನೂ ನಡೆಯುತ್ತಿರುವಾಗಲೇ ಅದೇ ಕೀಯ ಎರಡನೆಯದು ಬರಬಹುದು. ಆಗ 409 (ಘರ್ಷಣೆ ಎಂಬ ಎಚ್‌ಟಿಟಿಪಿ ಸಂಕೇತ) ಕೊಟ್ಟು ಸ್ವಲ್ಪ ತಡೆದು ಬಾ ಅನ್ನಿ. ಅದೇ ಕೀ, ಆದರೆ ಒಳಗಿನ ಮೊತ್ತ ಬೇರೆ ಇದ್ದರೆ ಹಳೆಯ ಉತ್ತರ ಕೊಡಬೇಡಿ. ಎರರ್ ಕೊಡಿ. ಅದು ಕ್ಲೈಂಟಿನ ಬಗ್.

ಪಾವತಿ ಗೇಟ್‌ವೇ ನಿಮ್ಮ ಡೇಟಾಬೇಸ್‌ನ ಹೊರಗಿರುತ್ತದೆ, ಅಲ್ವಾ? ನಿಮ್ಮ ಟ್ರಾನ್ಸಾಕ್ಷನ್ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಮೊದಲು "ಶುರುವಾಗಿದೆ" ಅಂತ ಒಂದು ಸಾಲು ಬರೆದು ಕಮಿಟ್ ಮಾಡಿ, ಅದೇ ಕೀಯಿಂದ ಗೇಟ್‌ವೇಯನ್ನು ಕರೆಯಿರಿ, ಉತ್ತರ ಬಂದ ಮೇಲೆ ಸಾಲನ್ನು "ಆಗಿದೆ" ಮಾಡಿ. "ಶುರುವಾಗಿದೆ" ಸ್ಥಿತಿಯಲ್ಲೇ ಉಳಿದ ಸಾಲುಗಳನ್ನು ಹುಡುಕಿ ಗೇಟ್‌ವೇ ಹತ್ತಿರ ಇದು ಏನಾಯಿತು ಅಂತ ಕೇಳುವ ಒಂದು ಜಾಬ್ ಸದಾ ಓಡುತ್ತಿರಲಿ. ಈ ಜಾಬ್ ಇಲ್ಲದ ಪಾವತಿ ವ್ಯವಸ್ಥೆಯನ್ನು ನಾನು ಪೂರ್ತಿ ಆಯಿತು ಅಂತ ಒಪ್ಪುವುದಿಲ್ಲ.

ಇಷ್ಟಾದ ಮೇಲೆ ರೀಟ್ರೈ ಹಾಕಿ. 503 (ಸರ್ವೀಸ್ ಈಗ ಸಿಗುತ್ತಿಲ್ಲ), 429 (ರಿಕ್ವೆಸ್ಟ್ ಅತಿಯಾಯಿತು), ಕನೆಕ್ಷನ್ ಸಿಗದಿದ್ದದ್ದು, ಟೈಮ್‌ಔಟ್ ಇವಕ್ಕೆ ಮಾತ್ರ. 400 (ರಿಕ್ವೆಸ್ಟೇ ತಪ್ಪು) ಅಥವಾ 403 (ಅನುಮತಿ ಇಲ್ಲ) ಬಂದರೆ ನೂರು ಸಲ ಕಳಿಸಿದರೂ ಅದೇ ಉತ್ತರ. ಪ್ರತಿ ಪ್ರಯತ್ನದ ನಡುವಿನ ಬಿಡುವು ದುಪ್ಪಟ್ಟಾಗುತ್ತ ಹೋಗಲಿ, ಅದರಲ್ಲಿ ಒಂದಿಷ್ಟು ಯಾದೃಚ್ಛಿಕ ಏರುಪೇರೂ ಇರಲಿ. ಇಲ್ಲದಿದ್ದರೆ ಒಟ್ಟಿಗೆ ಬಿದ್ದ ಸಾವಿರ ಕ್ಲೈಂಟ್‌ಗಳು ಒಟ್ಟಿಗೇ ವಾಪಸ್ ಬಂದು, ಆಗಷ್ಟೇ ಎದ್ದ ಸರ್ವರನ್ನು ಮತ್ತೆ ಬೀಳಿಸುತ್ತವೆ. ಸರ್ವರ್ ರೀಟ್ರೈ-ಆಫ್ಟರ್ ಹೆಡರ್ ಕಳಿಸಿದ್ದರೆ ಅದನ್ನು ಪಾಲಿಸಿ.

ರೀಟ್ರೈ ಒಂದು ಪದರದಲ್ಲಿ ಮಾತ್ರ ಇರಲಿ. ಮೂರು ಪದರಗಳಲ್ಲಿ ತಲಾ ಮೂರು ಪ್ರಯತ್ನ ಅಂದರೆ ತಳದ ಸರ್ವೀಸ್‌ಗೆ 27 ಕರೆ. ಸುಸ್ತಾದ ಸರ್ವೀಸ್ ಮೇಲೆ 27 ಪಟ್ಟು ಹೊರೆ. ಎಷ್ಟೋ ಲೈಬ್ರರಿಗಳು ಹೇಳದೆ ಕೇಳದೆ ತಾವೇ ರೀಟ್ರೈ ಮಾಡುತ್ತವೆ, ಅದನ್ನೂ ನೋಡಿಕೊಳ್ಳಿ. ಸರ್ಕ್ಯೂಟ್ ಬ್ರೇಕರ್ ಬರುವುದು ಇದಾದ ಮೇಲೆ. ಸತತವಾಗಿ ಸೋಲುತ್ತಿದ್ದರೆ ಸ್ವಲ್ಪ ಹೊತ್ತು ಕರೆಯುವುದನ್ನೇ ನಿಲ್ಲಿಸಿ, ಆಮೇಲೆ ಒಂದೆರಡು ಕರೆ ಬಿಟ್ಟು ನೋಡಿ, ಸರಿಯಿದ್ದರೆ ಪೂರ್ತಿ ತೆರೆಯುವುದು.

ಹೆಜ್ಜೆ 4: ಕೆಲಸ ಉದ್ದವಾಗಿದ್ದರೆ ಟೋಕನ್ ಕೊಟ್ಟು ಕಳಿಸಿ

ತಿಂಗಳ ವರದಿಗೆ ನಾಲ್ಕು ನಿಮಿಷ ಬೇಕು ಅಂದುಕೊಳ್ಳಿ. ಟೈಮ್‌ಔಟನ್ನೇ ಐದು ನಿಮಿಷಕ್ಕೆ ಏರಿಸುವುದು ಸೋಮಾರಿ ದಾರಿ. ನಡುವಿನ ಯಾವುದೋ ಪ್ರಾಕ್ಸಿ ಅದನ್ನು ಕಡಿದೇ ಕಡಿಯುತ್ತದೆ.

ಬದಲಿಗೆ ರಿಕ್ವೆಸ್ಟ್ ಬಂದ ಕೂಡಲೇ ಒಂದು ಜಾಬ್ ಸಾಲು ಬರೆದು 202 (ಒಪ್ಪಿಕೊಂಡಿದ್ದೇವೆ, ಇನ್ನೂ ಮುಗಿದಿಲ್ಲ) ಉತ್ತರ ಕೊಡಿ. ಲೊಕೇಶನ್ ಹೆಡರ್‌ನಲ್ಲಿ ಆ ಜಾಬ್‌ನ ಸ್ಥಿತಿ ತಿಳಿಸುವ ವಿಳಾಸ ಇರಲಿ. ಎಷ್ಟು ಹೊತ್ತು ಬಿಟ್ಟು ಕೇಳಬೇಕು ಅನ್ನುವುದನ್ನು ರೀಟ್ರೈ-ಆಫ್ಟರ್‌ನಲ್ಲಿ ಹೇಳಿ. ಕ್ಲೈಂಟ್ ಆಗಾಗ ಬಂದು ಕೇಳುತ್ತದೆ: ಸಾಲಿನಲ್ಲಿದೆ, ನಡೆಯುತ್ತಿದೆ, ಮುಗಿದಿದೆ, ಸೋತಿದೆ. ಮುಗಿದಿದ್ದರೆ ವರದಿಯ ಲಿಂಕ್ ಕೊಡಿ. ಸೋತಿದ್ದರೆ ಕಾರಣ ಕೊಡಿ. ಅನೇಕರು ಈ "ಸೋತಿದೆ" ಸ್ಥಿತಿಯನ್ನೇ ಬರೆಯುವುದಿಲ್ಲ. ಆಗ ಕ್ಲೈಂಟ್ "ನಡೆಯುತ್ತಿದೆ" ಅನ್ನುವ ಉತ್ತರವನ್ನೇ ನೋಡುತ್ತ ಕೂರುತ್ತದೆ.

ಹೀಗೆ ಆಗಾಗ ಬಂದು ಕೇಳುವ ಪೋಲಿಂಗ್ ಅಂದರೆ ಮೂಗು ಮುರಿಯುವವರು ಜಾಸ್ತಿ. ಐದು ಸೆಕೆಂಡಿಗೊಮ್ಮೆ ಇಂಡೆಕ್ಸ್ ಇರುವ ಒಂದು ಸಾಲು ಓದುವುದು ಯಾವ ಡೇಟಾಬೇಸ್‌ಗೂ ಭಾರವಲ್ಲ. ಕೇಳುವವರು ಲಕ್ಷಗಟ್ಟಲೆ ಇದ್ದಾಗ ಬೇರೆ ಯೋಚನೆ ಮಾಡಿ.

ಕ್ಲೈಂಟ್ ಇನ್ನೊಂದು ಸರ್ವರ್ ಆಗಿದ್ದರೆ ವೆಬ್‌ಹುಕ್ ಚೆನ್ನಾಗಿರುತ್ತದೆ. ಕೆಲಸ ಮುಗಿದಾಗ ನೀವೇ ಅವರ ವಿಳಾಸಕ್ಕೆ ಪೋಸ್ಟ್ ಮಾಡುತ್ತೀರಿ. ಬ್ರೌಸರ್‌ಗೆ, ಫೋನ್ ಆ್ಯಪ್‌ಗೆ ಇದು ಆಗದು, ಹೊರಗಿನಿಂದ ತಲುಪಲು ಅವಕ್ಕೆ ವಿಳಾಸವೇ ಇರುವುದಿಲ್ಲ. ವೆಬ್‌ಹುಕ್ ಪಡೆಯುವ ಕಡೆ ಇದ್ದರೆ ಹೀಗೆ ಮಾಡಿ: ಬಂದ ಬಾಡಿಯ ಮೂಲ ಬೈಟ್‌ಗಳ ಮೇಲೆಯೇ ಎಚ್‌ಮ್ಯಾಕ್ ಸಹಿ (ಗುಟ್ಟಿನ ಕೀಯಿಂದ ಮಾಡಿದ ಗುರುತು) ಪರೀಕ್ಷಿಸಿ, ಸಂದೇಶವನ್ನು ಉಳಿಸಿ, ಕೂಡಲೇ 200 ಕೊಡಿ, ನಿಜವಾದ ಕೆಲಸ ಆಮೇಲೆ ಮಾಡಿ. ಜೇಸನ್ ಬಿಚ್ಚಿ ಮತ್ತೆ ಕಟ್ಟಿ ಸಹಿ ನೋಡಿದರೆ ಒಂದು ಸ್ಪೇಸ್ ವ್ಯತ್ಯಾಸಕ್ಕೂ ಸಹಿ ತಾಳೆಯಾಗುವುದಿಲ್ಲ. ಅದೇ ವೆಬ್‌ಹುಕ್ ಎರಡು ಸಲ ಬರಬಹುದು, "ಮುಗಿದಿದೆ" ಅನ್ನುವುದು "ಶುರುವಾಗಿದೆ"ಗಿಂತ ಮೊದಲೇ ಬರಬಹುದು. ಬಾರದೆಯೂ ಇರಬಹುದು, ಹಾಗಾಗಿ ಸ್ಥಿತಿ ಕೇಳುವ ವಿಳಾಸವನ್ನು ತೆಗೆದುಹಾಕಬೇಡಿ.

ಹೆಜ್ಜೆ 5: ತಪ್ಪದೆ ಆಗಬೇಕು, ಆದರೆ ಈಗಲೇ ಬೇಡ ಅಂದರೆ ಕ್ಯೂ

ಟಿಕೆಟ್ ಪಿಡಿಎಫ್, ಇಮೇಲ್ ಈ ಗುಂಪಿನವು. ಬುಕಿಂಗ್ ಸರ್ವೀಸ್ ಒಂದು ಸಂದೇಶವನ್ನು ಕ್ಯೂಗೆ ಹಾಕಿ ಮುಂದೆ ಹೋಗುತ್ತದೆ. ಹಲವು ವರ್ಕರ್‌ಗಳು ಆ ಕ್ಯೂನಿಂದ ಎತ್ತಿಕೊಳ್ಳುತ್ತವೆ. ಸಾಮಾನ್ಯವಾಗಿ ಒಂದು ಸಂದೇಶ ಒಂದೇ ವರ್ಕರ್‌ಗೆ ಸಿಗುತ್ತದೆ.

ಇಲ್ಲಿ ಮುಖ್ಯವಾದದ್ದು ಆ್ಯಕ್ (ಈ ಸಂದೇಶ ಇನ್ನು ತೆಗೆದುಹಾಕಬಹುದು ಅಂತ ಕ್ಯೂಗೆ ಹೇಳುವುದು) ಯಾವಾಗ ಅನ್ನುವುದು. ಸಂದೇಶ ಕೈಗೆ ಬಂದ ತಕ್ಷಣ ಆ್ಯಕ್ ಕೊಟ್ಟು, ಆಮೇಲೆ ವರ್ಕರ್ ಬಿದ್ದರೆ ಆ ಕೆಲಸ ಹೋಯಿತು. ಕೆಲಸ ಮುಗಿದ ಮೇಲೆ ಆ್ಯಕ್ ಕೊಡಬೇಕು ಅಂತಿದ್ದಾಗ, ಕೆಲಸ ಮುಗಿದು ಆ್ಯಕ್‌ಗೆ ಮುಂಚೆ ಬಿದ್ದರೆ ಅದೇ ಸಂದೇಶ ಇನ್ನೊಬ್ಬರಿಗೆ ಹೋಗುತ್ತದೆ. ಹೆಚ್ಚೆಂದರೆ ಒಂದು ಸಲ, ಅಥವಾ ಕಡಿಮೆಯೆಂದರೆ ಒಂದು ಸಲ. ಎರಡರಲ್ಲಿ ಒಂದನ್ನು ನೀವು ಆರಿಸಲೇಬೇಕು. ಸರಿಯಾಗಿ ಒಂದೇ ಸಲ ತಲುಪಿಸುತ್ತೇವೆ ಎಂಬ ಜಾಹೀರಾತು ನೋಡಿದರೆ ಎಲ್ಲಿಂದ ಎಲ್ಲಿಗೆ ಅಂತ ಕೇಳಿ. ಕಾಫ್ಕಾ 2017ರಲ್ಲಿ ತಂದ ಟ್ರಾನ್ಸಾಕ್ಷನ್ ಸೌಲಭ್ಯ ಕಾಫ್ಕಾದಿಂದ ಓದಿ ಕಾಫ್ಕಾಗೇ ಬರೆಯುವಾಗ ನಿಜವಾಗಿ ಕೆಲಸ ಮಾಡುತ್ತದೆ. ನಡುವೆ ನೀವು ಇಮೇಲ್ ಕಳಿಸಿದರೆ ಆ ಇಮೇಲ್‌ಗೆ ಅದು ಅನ್ವಯಿಸುವುದಿಲ್ಲ.

ಅಮೆಜಾನ್‌ನ ಕ್ಯೂ ಸೇವೆಯಾದ ಎಸ್‌ಕ್ಯೂಎಸ್‌ನಲ್ಲಿ ಒಬ್ಬರು ಎತ್ತಿಕೊಂಡ ಸಂದೇಶ ಡೀಫಾಲ್ಟ್ ಆಗಿ 30 ಸೆಕೆಂಡ್ ಉಳಿದವರಿಗೆ ಕಾಣುವುದಿಲ್ಲ. ನಿಮ್ಮ ಪಿಡಿಎಫ್‌ಗೆ 40 ಸೆಕೆಂಡ್ ಹಿಡಿದರೆ ಯಾರೂ ಬೀಳದೆಯೇ, ಯಾವ ಎರರ್ರೂ ಇಲ್ಲದೆ ಎರಡು ಪಿಡಿಎಫ್ ತಯಾರಾಗುತ್ತವೆ. ಆ ಸಮಯವನ್ನು ಕೆಲಸಕ್ಕೆ ತಕ್ಕಂತೆ ಹೊಂದಿಸಿ.

ಎರಡು ಸಲ ಬರುವುದನ್ನು ತಡೆಯುವ ಕ್ರಮ ಹೆಜ್ಜೆ 3ರದ್ದೇ. ಸಂದೇಶದ ಐಡಿಯನ್ನು ಕೆಲಸದ ಫಲಿತಾಂಶದ ಜೊತೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ಮೊದಲೇ ಇದ್ದರೆ ಕೆಲಸ ಬಿಟ್ಟು ಆ್ಯಕ್ ಕೊಡಿ. ಇಮೇಲ್‌ನಂಥ ಹೊರಗಿನ ಕೆಲಸದಲ್ಲಿ ಪೂರ್ತಿ ತಡೆಯಲು ಆಗುವುದಿಲ್ಲ. ಟಿಕೆಟ್ ಎರಡು ಸಲ ಬಂದರೆ ಯಾರೂ ಬೈಯುವುದಿಲ್ಲ, ಬಾರದಿದ್ದರೆ ಬೈಯುತ್ತಾರೆ. ಹಾಗಾಗಿ ಕಡಿಮೆಯೆಂದರೆ ಒಂದು ಸಲ ಅನ್ನುವುದನ್ನೇ ಆರಿಸಿ.

ಕೆಲವು ಸಂದೇಶಗಳು ಎಷ್ಟು ಸಲ ಎತ್ತಿಕೊಂಡರೂ ವರ್ಕರನ್ನು ಬೀಳಿಸುತ್ತವೆ. ಇಷ್ಟು ಸಲ ಸೋತ ಮೇಲೆ ಸೋತ ಸಂದೇಶಗಳನ್ನು ಬೇರೆಯಾಗಿಡುವ ಡೆಡ್ ಲೆಟರ್ ಕ್ಯೂಗೆ ಹೋಗಲಿ ಅಂತ ಮಿತಿ ಹಾಕಿ. ಎಸ್‌ಕ್ಯೂಎಸ್, ರಾಬಿಟ್‌ಎಂಕ್ಯೂ ಎರಡರಲ್ಲೂ ಈ ಸೌಲಭ್ಯ ಇದೆ. ಕಾಫ್ಕಾದ ಸಾದಾ ಕನ್ಸ್ಯೂಮರ್‌ನಲ್ಲಿ (ಸಂದೇಶ ಓದುವ ಪ್ರೋಗ್ರಾಂ) ಇದು ತಾನಾಗಿ ಬರುವುದಿಲ್ಲ, ನೀವೇ ಕಟ್ಟಬೇಕು. ಇಲ್ಲದಿದ್ದರೆ ಒಂದು ಕೆಟ್ಟ ಸಂದೇಶ ಆ ಪಾರ್ಟಿಷನ್‌ನ (ಕಾಫ್ಕಾ ಸಂದೇಶಗಳನ್ನು ಹಂಚಿಡುವ ಭಾಗ) ಉಳಿದದ್ದನ್ನೆಲ್ಲ ತಡೆದು ನಿಲ್ಲಿಸುತ್ತದೆ. ಮತ್ತೆ, ಯಾರೂ ತೆರೆದು ನೋಡದ ಡೆಡ್ ಲೆಟರ್ ಕ್ಯೂ ಕಸದ ಬುಟ್ಟಿಯೇ ಸರಿ. ಅದರಲ್ಲಿ ಒಂದು ಬಿದ್ದರೂ ಅಲಾರಂ ಬರಲಿ.

ಕ್ಯೂ ಇಟ್ಟರೆ ಹೊರೆ ತಡೆಯುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಸೆಕೆಂಡಿಗೆ 100 ಬಂದು 80 ಹೋಗುತ್ತಿದ್ದರೆ ಗಂಟೆಗೆ 72,000 ಸಂದೇಶ ಗುಡ್ಡೆಯಾಗುತ್ತವೆ. ಬರುವುದು 50ಕ್ಕೆ ಇಳಿದರೂ ಆ ಗುಡ್ಡೆ ಕರಗಲು 40 ನಿಮಿಷ ಬೇಕು. ಕ್ಯೂ ಏರಿಳಿತವನ್ನು ಸಮ ಮಾಡುತ್ತದೆ, ಅಷ್ಟೇ. ಕೆಲಸ ಮಾಡುವ ಕೈಗಳನ್ನು ಅದು ಹೆಚ್ಚಿಸುವುದಿಲ್ಲ. ನಿಗಾ ಇಡುವಾಗ ಕ್ಯೂನ ಉದ್ದಕ್ಕಿಂತ ಅತಿ ಹಳೆಯ ಸಂದೇಶ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಅನ್ನುವುದನ್ನು ನೋಡಿ. ಬಳಕೆದಾರರಿಗೆ ತಟ್ಟುವುದು ಆ ಸಂಖ್ಯೆ.

ಕ್ಯೂ ಮೇಲೆಯೇ ಉತ್ತರ ಪಡೆಯುವ ಮಾದರಿಯೂ ಇದೆ. ಸಂದೇಶದಲ್ಲಿ ಕೋರಿಲೇಷನ್ ಐಡಿ (ಯಾವ ಪ್ರಶ್ನೆಯ ಉತ್ತರ ಎಂದು ತಿಳಿಸುವ ಗುರುತು), ಉತ್ತರ ಬರಬೇಕಾದ ಕ್ಯೂನ ಹೆಸರು ಎರಡನ್ನೂ ಕಳಿಸುವುದು. ಕರೆದವರು ಕೂತು ಕಾಯುವುದೇ ಆದರೆ ಇದಕ್ಕಿಂತ ನೇರ ಎಚ್‌ಟಿಟಿಪಿ ಕರೆಯೇ ವಾಸಿ.

ಹೆಜ್ಜೆ 6: ಡೇಟಾಬೇಸ್ ಮತ್ತು ಬ್ರೋಕರ್ (ಕ್ಯೂ ನಡೆಸುವ ಸರ್ವರ್) ನಡುವಿನ ಬಿರುಕು ಮುಚ್ಚಿ

ಬುಕಿಂಗನ್ನು ಡೇಟಾಬೇಸ್‌ಗೆ ಕಮಿಟ್ ಮಾಡಿದಿರಿ. ಮುಂದಿನ ಸಾಲಿನಲ್ಲಿ ಕ್ಯೂಗೆ ಕಳಿಸಬೇಕು. ಎರಡರ ನಡುವೆ ಸರ್ವರ್ ಬಿತ್ತು. ಬುಕಿಂಗ್ ಇದೆ, ಟಿಕೆಟ್ ಎಂದಿಗೂ ಹೋಗುವುದಿಲ್ಲ. ಕ್ರಮ ತಿರುಗಿಸಿದರೆ ಟಿಕೆಟ್ ಹೋಗುತ್ತದೆ, ಬುಕಿಂಗ್ ಇರುವುದಿಲ್ಲ. ಅದು ಇನ್ನೂ ಕೆಟ್ಟದ್ದು.

ಔಟ್‌ಬಾಕ್ಸ್ ಮಾದರಿ ಇದಕ್ಕಾಗಿ ಇದೆ. ಕಳಿಸಬೇಕಾದ ಸಂದೇಶವನ್ನು ನೇರವಾಗಿ ಬ್ರೋಕರ್‌ಗೆ ಕಳಿಸದೆ, ಅದೇ ಡೇಟಾಬೇಸ್‌ನ ಔಟ್‌ಬಾಕ್ಸ್ ಟೇಬಲ್‌ಗೆ ಬುಕಿಂಗ್ ಜೊತೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ಇನ್ನೊಂದು ಪ್ರೋಸೆಸ್ ಆ ಟೇಬಲ್ ಓದಿ ಬ್ರೋಕರ್‌ಗೆ ಕಳಿಸಿ, ಕಳಿಸಿದ್ದಕ್ಕೆ ಗುರುತು ಹಾಕುತ್ತದೆ. ಡೇಟಾಬೇಸ್‌ನ ಲಾಗ್ ಓದುವ ಡೆಬೀಜಿಯಂನಂಥ ಟೂಲ್ ಬಳಸಬಹುದು. ಶುರುವಿಗೆ ಸೆಕೆಂಡಿಗೊಮ್ಮೆ ಓದುವ ಸಣ್ಣ ಲೂಪ್ ಸಾಕು. ಕಳಿಸಿದ ಮೇಲೆ ಗುರುತು ಹಾಕುವ ಮುಂಚೆ ಬಿದ್ದರೆ ಮತ್ತೆ ಕಳಿಸುತ್ತದೆ. ಅದಕ್ಕೆ ಪಡೆಯುವ ಕಡೆ ಈಗಾಗಲೇ ತಯಾರಿದೆ. ಕಳಿಸಿದ ಸಾಲುಗಳನ್ನು ಆಗಾಗ ಅಳಿಸಿ, ಇಲ್ಲದಿದ್ದರೆ ಆ ಟೇಬಲ್ಲೇ ಒಂದು ದಿನ ದೊಡ್ಡ ತಲೆನೋವಾಗುತ್ತದೆ.

ಹೆಜ್ಜೆ 7: ಹಲವರಿಗೆ ಸುದ್ದಿ ಬೇಕಿದ್ದರೆ ಇವೆಂಟ್

ಕ್ಯೂನಲ್ಲಿ "ಟಿಕೆಟ್ ಕಳಿಸು" ಅಂತ ಆಜ್ಞೆ ಇರುತ್ತದೆ. ಇವೆಂಟ್‌ನಲ್ಲಿ "ಬುಕಿಂಗ್ ಆಯಿತು" ಅಂತ ನಡೆದುಹೋದ ಸಂಗತಿ ಇರುತ್ತದೆ. ಕೇಳುವವರು ಯಾರು, ಎಷ್ಟು ಮಂದಿ ಅನ್ನುವುದು ಹೇಳುವವರಿಗೆ ಗೊತ್ತಿರುವುದಿಲ್ಲ, ಗೊತ್ತಿರಲೂ ಬಾರದು. ಹೊಸ ಸರ್ವೀಸ್ ಬಂದಾಗ ಬುಕಿಂಗ್ ಕೋಡ್ ಮುಟ್ಟದೆ ಸೇರಿಸಬಹುದು, ಲಾಭ ಅದೇ. ಆದರೆ ಇಂಥ ಸರ್ವೀಸ್ ಇದನ್ನು ಕೇಳಿ ಇಂಥ ಕೆಲಸ ಮಾಡಲೇಬೇಕು ಅಂತ ನೀವು ಅಂದುಕೊಂಡಿದ್ದರೆ ಅದು ಇವೆಂಟ್ ವೇಷದ ಆಜ್ಞೆ. ಅದನ್ನು ಆಜ್ಞೆಯಾಗಿಯೇ ಕಳಿಸಿ. ಆಗದಿದ್ದಾಗ ಯಾರ ಹೊಣೆ ಅನ್ನುವುದು ಸ್ಪಷ್ಟ ಇರುತ್ತದೆ.

ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆದ ಕಾಫ್ಕಾ ಈ ಕೆಲಸಕ್ಕೆ ಹೆಸರುವಾಸಿ. ಅದು ಸಂದೇಶವನ್ನು ಓದಿದ ಕೂಡಲೇ ಅಳಿಸುವುದಿಲ್ಲ, ಡೀಫಾಲ್ಟ್ ಆಗಿ 7 ದಿನ ಇಟ್ಟುಕೊಳ್ಳುತ್ತದೆ. ಪ್ರತಿ ಕನ್ಸ್ಯೂಮರ್ ಗುಂಪು ತಾನು ಎಲ್ಲಿವರೆಗೆ ಓದಿದ್ದೇನೆ ಅನ್ನುವುದನ್ನು ಬೇರೆಯಾಗಿ ಗುರುತಿಟ್ಟುಕೊಳ್ಳುತ್ತದೆ. ವರದಿ ಸರ್ವೀಸ್‌ನಲ್ಲಿ ಬಗ್ ಇತ್ತು ಅಂದರೆ ಸರಿ ಮಾಡಿ ಮೂರು ದಿನ ಹಿಂದಿನಿಂದ ಮತ್ತೆ ಓದಿಸಬಹುದು.

ಕ್ರಮದ ಬಗ್ಗೆ ಎಚ್ಚರ. ಕಾಫ್ಕಾದಲ್ಲಿ ಕ್ರಮ ಉಳಿಯುವುದು ಒಂದು ಪಾರ್ಟಿಷನ್ ಒಳಗೆ ಮಾತ್ರ. ಬುಕಿಂಗ್ ಐಡಿಯನ್ನು ಕೀ ಆಗಿ ಕೊಟ್ಟರೆ ಒಂದು ಬುಕಿಂಗ್‌ನ ಎಲ್ಲ ಇವೆಂಟ್‌ಗಳೂ ಒಂದೇ ಪಾರ್ಟಿಷನ್‌ಗೆ ಹೋಗುತ್ತವೆ. ಕೀ ಇಲ್ಲದಿದ್ದರೆ "ರದ್ದಾಯಿತು" ಅನ್ನುವುದು "ಆಯಿತು"ಗಿಂತ ಮೊದಲು ಮುಟ್ಟಬಹುದು. ಪಾರ್ಟಿಷನ್ ಸಂಖ್ಯೆ ಆಮೇಲೆ ಏರಿಸಿದರೆ ಕೀಗಳು ಬೇರೆ ಪಾರ್ಟಿಷನ್‌ಗೆ ಹೋಗತೊಡಗುತ್ತವೆ, ಹಾಗಾಗಿ ಆರಂಭದಲ್ಲೇ ಸ್ವಲ್ಪ ಧಾರಾಳವಾಗಿ ಇಡಿ. ಇವೆಂಟ್ ಒಳಗೆ ಒಂದು ಆವೃತ್ತಿ ಸಂಖ್ಯೆ ಇಟ್ಟು, ಹಳೆಯದು ಬಂದರೆ ಬಿಟ್ಟುಬಿಡುವ ರೂಢಿ ಇನ್ನೂ ಗಟ್ಟಿ.

ಇವೆಂಟ್‌ನ ಆಕಾರ ಬದಲಿಸುವಾಗ ಸೇರಿಸಿ, ಕೀಳಬೇಡಿ. ಹೊಸ ಫೀಲ್ಡ್‌ಗಳು ಇಲ್ಲದಿದ್ದರೂ ನಡೆಯುವಂತಿರಲಿ. ಫೀಲ್ಡ್‌ಗಳನ್ನು ಸಂಖ್ಯೆಯಿಂದ ಗುರುತಿಸುವ ಪ್ರೋಟೋಬಫ್ ಬಳಸುತ್ತಿದ್ದರೆ ತೆಗೆದ ಫೀಲ್ಡ್‌ನ ಸಂಖ್ಯೆಯನ್ನು ಇನ್ನೊಂದಕ್ಕೆ ಎಂದೂ ಕೊಡಬೇಡಿ.

ಸೀಟು ಹಿಡಿ, ಹಣ ಕಡಿ, ಟಿಕೆಟ್ ಕೊಡು ಎಂಬಂಥ ಹಲವು ಸರ್ವೀಸ್‌ಗಳ ಕೆಲಸದಲ್ಲಿ ನಡುವೆ ಒಂದು ಸೋತರೆ ಹಿಂದಿನದನ್ನು ರದ್ದು ಮಾಡುವ ಕೆಲಸವೂ ಬರೆದಿರಬೇಕು. ಇದಕ್ಕೆ ಸಾಗಾ ಅಂತ ಹೆಸರು, ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ 1987ರಲ್ಲಿ ಮುಂದಿಟ್ಟ ವಿಚಾರ. ಸರ್ವೀಸ್‌ಗಳು ಒಬ್ಬರ ಇವೆಂಟ್ ಒಬ್ಬರು ಕೇಳಿ ನಡೆಸಿಕೊಂಡು ಹೋಗಬಹುದು, ಇಲ್ಲವೇ ನಡುವೆ ಒಬ್ಬ ಮೇಸ್ತ್ರಿ ನಿಂತು ನಡೆಸಬಹುದು. ಹಣದ ವಿಷಯ ಬಂದಾಗ ನನ್ನ ಮತ ಮೇಸ್ತ್ರಿಗೆ. ಈ ಬುಕಿಂಗ್ ಈಗ ಎಲ್ಲಿ ನಿಂತಿದೆ ಅಂತ ಕೇಳಿದರೆ ಒಂದೇ ಟೇಬಲ್ ನೋಡಿ ಹೇಳಬಹುದು.

ಹೆಜ್ಜೆ 8: ಹರಿದು ಬರುವ ಸುದ್ದಿಗೆ ಸ್ಟ್ರೀಮ್

ಸೀಟಿನ ನಕ್ಷೆಗೆ ಸರ್ವರ್‌ನಿಂದ ಬ್ರೌಸರ್ ಕಡೆಗೆ ಮಾತ್ರ ಸುದ್ದಿ ಬೇಕು. ಅದಕ್ಕೆ ಸರ್ವರ್-ಸೆಂಟ್ ಇವೆಂಟ್ಸ್ ಸಾಕು. ಕನೆಕ್ಷನ್ ಕಡಿದರೆ ಬ್ರೌಸರ್ ತಾನೇ ಮತ್ತೆ ಜೋಡಿಸಿ, ಕೊನೆಗೆ ಪಡೆದ ಇವೆಂಟ್‌ನ ಐಡಿ ಕಳಿಸುತ್ತದೆ. ನೀವು ಅಲ್ಲಿಂದ ಮುಂದುವರಿಸಬಹುದು. ಎರಡೂ ಕಡೆ ಮಾತು ಹರಿಯಬೇಕಿದ್ದರೆ ವೆಬ್‌ಸಾಕೆಟ್. ಅಲ್ಲಿ ಮತ್ತೆ ಜೋಡಿಸುವುದು, ತಪ್ಪಿದ್ದನ್ನು ತುಂಬುವುದು ಎಲ್ಲ ನಿಮ್ಮ ತಲೆಮೇಲೆ. ಸಣ್ಣ ಸಾಧನಗಳಿದ್ದರೆ 1999ರಲ್ಲಿ ಹುಟ್ಟಿದ ಎಂಕ್ಯೂಟಿಟಿ ಎಂಬ ಹಗುರ ಸಂದೇಶ ಪ್ರೋಟೋಕಾಲ್ ಇದೆ. ಅದರ ಕ್ಯೂಒಎಸ್ 2ರ, ಅಂದರೆ ಸರಿಯಾಗಿ ಒಂದೇ ಸಲ ತಲುಪಿಸುವ, ಭರವಸೆ ಸಾಧನ ಮತ್ತು ಬ್ರೋಕರ್ ನಡುವೆ ಮಾತ್ರ ಅನ್ನುವುದು ನೆನಪಿರಲಿ.

ಹೆಜ್ಜೆ 9: ಬೇಕೆಂದೇ ಕೆಡಿಸಿ ನೋಡಿ

ಮೊದಲು ಪ್ರತಿ ರಿಕ್ವೆಸ್ಟ್‌ಗೂ ಸಂದೇಶಕ್ಕೂ ಜಾಡು ಹಿಡಿಯಲು ಒಂದು ಟ್ರೇಸ್ ಐಡಿ ಹಾಕಿ, ಎಲ್ಲ ಲಾಗ್‌ಗಳಲ್ಲೂ ಬರುವಂತೆ ಮಾಡಿ. ವೆಬ್ ಮಾನದಂಡ ರೂಪಿಸುವ ಡಬ್ಲ್ಯೂ3ಸಿಯ ಟ್ರೇಸ್‌ಪೇರೆಂಟ್ ಹೆಡರ್ ಇದಕ್ಕೆ ಸಿದ್ಧವಿದೆ. ಕ್ಯೂ ದಾಟುವಾಗ ಈ ಐಡಿ ಉದುರಿಹೋಗುವುದು ಮಾಮೂಲು, ಸಂದೇಶದ ಹೆಡರ್‌ಗೆ ಅದನ್ನು ಸೇರಿಸಿ.

ಆಮೇಲೆ ಪರೀಕ್ಷಾ ವಾತಾವರಣದಲ್ಲಿ ಒಂದೊಂದಾಗಿ ಕೆಡಿಸಿ. ಪಾವತಿ ಸರ್ವೀಸ್‌ನ ಉತ್ತರವನ್ನು ಕ್ಲೈಂಟ್‌ನ ಟೈಮ್‌ಔಟ್‌ಗಿಂತ ಒಂದು ಸೆಕೆಂಡ್ ತಡ ಮಾಡಿ. ಹಣ ಒಂದೇ ಸಲ ಕಡಿದಿರಬೇಕು. ಕೆಲಸ ಮುಗಿಸಿ ಆ್ಯಕ್ ಕೊಡುವ ಮುನ್ನ ವರ್ಕರ್ ಪ್ರೋಸೆಸನ್ನು ಕೊಲ್ಲಿ. ಒಂದೇ ಸಂದೇಶವನ್ನು ಎರಡು ಸಲ ಹಾಕಿ. ರದ್ದತಿ ಇವೆಂಟನ್ನು ಮೊದಲು ಕಳಿಸಿ. ಕೊನೆಗೆ ಬ್ರೋಕರನ್ನೇ ಹತ್ತು ನಿಮಿಷ ನಿಲ್ಲಿಸಿ. ಬುಕಿಂಗ್ ನಡೆಯುತ್ತಲೇ ಇರಬೇಕು, ಔಟ್‌ಬಾಕ್ಸ್ ಟೇಬಲ್‌ನಲ್ಲಿ ಸಾಲುಗಳು ಕೂಡಿಕೊಳ್ಳಬೇಕು, ಬ್ರೋಕರ್ ಎದ್ದ ಮೇಲೆ ಅವು ಖಾಲಿಯಾಗಬೇಕು. ಆಗ ಬುಕಿಂಗ್‌ಗಳ ಸಂಖ್ಯೆಯನ್ನೂ ಟಿಕೆಟ್ ಇಮೇಲ್‌ಗಳ ಸಂಖ್ಯೆಯನ್ನೂ ಹೋಲಿಸಿ. ಇಮೇಲ್ ಕಡಿಮೆಯಿದ್ದರೆ ಮೊದಲು ಔಟ್‌ಬಾಕ್ಸ್ ಓದುವ ಕೋಡ್ ನೋಡಿ, ಆಮೇಲೆ ಡೆಡ್ ಲೆಟರ್ ಕ್ಯೂ. ಒಂದೆರಡು ಜಾಸ್ತಿಯಿದ್ದರೆ ತಲೆಕೆಡಿಸಿಕೊಳ್ಳಬೇಡಿ. ನೂರಾರು ಜಾಸ್ತಿಯಿದ್ದರೆ ಸಂದೇಶದ ಐಡಿ ಬರೆಯುವ ಟೇಬಲ್‌ಗೆ ಯುನಿಕ್ ಇಂಡೆಕ್ಸ್ ಹಾಕಲು ಯಾರೋ ಮರೆತಿದ್ದಾರೆ.